ಕಲ್ಲಿನ ಸೂತಕ

ಆಫ್ರಿಕಾದ ಮಲಾವಿ ಎಂಬ ದೇಶದಿಂದ ಒಬ್ಬ ಹೆಣ್ಣುಮಗಳು ತೊಗರಿಬೇಳೆ ಮಾಡುವುದನ್ನು ಕಲಿಯಲು ನಮ್ಮ ಮನೆಗೆ ಬರುತ್ತಾಳೆಂದು ಮಾತಾದದ್ದು ನನ್ನ ಹೆಂಡತಿ ನಿಂಬೆವ್ವ ಇದ್ದಾಗ. ಆಕೆ ಬಂದದ್ದು ನಿಂಬೆವ್ವ ಹೋದ ಮೇಲೆ.

ನಮ್ಮೂರು ಜೇವರ್ಗಿಯಿಂದ ಅಂದೋಲಾಕ್ಕೆ ಹೋಗುವ ದಾರಿಯಲ್ಲಿದೆ. ಈ ಸೀಮೆಯಲ್ಲಿ ತೊಗರಿ ಬೆಳೆಯದವರಿಲ್ಲ. ಆದರೆ ಮನೆಯಲ್ಲಿ ಕಲ್ಲಿನಿಂದ ಬೇಳೆ ಒಡೆಯುವವರು ಈಗ ಇಲ್ಲವೆಂದರೂ ನಡೆಯುತ್ತದೆ. ತೊಗರಿ ಮಿಲ್ಲಿಗೆ ಹೋಗುತ್ತದೆ, ಬೇಳೆ ಚೀಲದಲ್ಲಿ ಬರುತ್ತದೆ. ನಿಂಬೆವ್ವ ಮಾತ್ರ ಬಿಟ್ಟಿರಲಿಲ್ಲ. ಆಕೆಯ ತವರು ಆಳಂದದ ಕಡೆಯ ಮಾದನಹಿಪ್ಪರಗಾ. ಮದುವೆಯಾಗಿ ಬರುವಾಗ ಅಲ್ಲಿಂದ ತನ್ನ ಅವ್ವ ಬಳಸುತ್ತಿದ್ದ ಬೀಸುಕಲ್ಲನ್ನು ಬಂಡಿಯಲ್ಲಿ ಹೇರಿಸಿಕೊಂಡು ಬಂದಿದ್ದಳು. ತೊಗರಿಯನ್ನು ನೆನೆಹಾಕಿ, ಬಸಿದು, ಕೆಮ್ಮಣ್ಣಿನ ರಾಡಿಯಲ್ಲಿ ಕಲಸಿ, ಬಿಸಿಲಿಗೆ ಹರವುತ್ತಿದ್ದಳು. ಮಣ್ಣು ಸಿಪ್ಪೆಯ ಬಿಗಿಯನ್ನು ಸಡಿಲಿಸುತ್ತದೆ. ಒಣಗಿದ ಕಾಳನ್ನು ಕಲ್ಲಿನ ಕೋಣೆಯ ಮೂಲೆಯಲ್ಲಿ ಗುಡ್ಡೆ ಹಾಕಿ, ಹುಳ ಹೋಗದಂತೆ ಮೇಲೆ ತೆಳ್ಳಗೆ ಅದೇ ಮಣ್ಣು ಸವರಿ, ಕೆಲವು ವಾರ ಬಿಡುತ್ತಿದ್ದಳು. ಆಮೇಲೆ ಜರಡಿ ಹಿಡಿದು ಕಲ್ಲಿಗೆ ಹಾಕಿದರೆ ಕಾಳು ಎರಡು ಹೋಳಾಗಿ, ಸಿಪ್ಪೆ ತಾನೇ ಕಳಚಿ ಬೀಳುತ್ತಿತ್ತು. ಗುಡ್ಡೆಗೆ ಮಣ್ಣು ಸವರಿದ ಮೇಲೆ ಹಸಿ ಇರುವಾಗಲೇ ಮೂರು ಬೆರಳಿನಿಂದ ಅಡ್ಡ ಗೀರುತ್ತಿದ್ದಳು, ಹಣೆಗೆ ವಿಭೂತಿ ಧರಿಸುವ ಹಾಗೆ. ಅದು ಆಕೆಯ ಪದ್ಧತಿ.

ಈ ಬೇಳೆಯ ಸುದ್ದಿ ಕೇಳಿ ಚಳಿಗಾಲದಲ್ಲಿ ವಿದ್ಯಾವತಿ ಬಂದಳು. ಆಕೆ ಅಫಜಲಪುರದ ಹುಡುಗಿ. ಪರದೇಶದವರ ಒಂದು ಸಂಸ್ಥೆಯಲ್ಲಿ ಕೆಲಸ. ಒಂದು ಬಡ ದೇಶದ ಹಳ್ಳಿಯವರು ಇನ್ನೊಂದು ದೇಶದ ಹಳ್ಳಿಯವರಿಂದ ಕಸಬು ಕಲಿಯುವಂತೆ ಮಾಡುವುದು ಆ ಸಂಸ್ಥೆಯ ಉದ್ದೇಶ.

"ಅಮ್ಮಾರ, ಮಲಾವಿದಾಗೂ ನಮ್ಮಂಗೇ ತೊಗರಿ ಬೆಳೀತಾರ್ರಿ," ಎಂದಳು. "ಆದ್ರ ಬ್ಯಾಳಿ ಮಾಡೂದು ಆ ಹಳ್ಯಾಗ ಗೊತ್ತಿಲ್ರಿ. ಇಡಿ ಕಾಳು ಚೀಲ ತುಂಬಿ ಮಾರ್ತಾರ. ನಮ್ಮ ದೇಶದವರು ಕೊಳ್ಳೂದು ನಿಲ್ಲಿಸಿದ್ರ ಅವರ ಚೀಲ ಮನ್ಯಾಗೇ ಬಿದ್ದಿರ್ತಾವ."

"ಮಷೀನ ಕೊಡಿಸ್ರಿ ಅವರಿಗೆ," ಎಂದೆ ನಾನು.

"ಕರೆಂಟೇ ನೆಟ್ಟಗಿಲ್ರಿ ಕಾಕಾರ. ಅದಕ್ಕೇ ಕಲ್ಲು ಹುಡುಕ್ಕೋತ ಬಂದೀನಿ."

ನಿಂಬೆವ್ವ ನಕ್ಕಳು. "ಕಲ್ಲು ಹುಡುಕ್ಕೋತ ಬಂದೀ, ಈ ಮುದುಕೀನ ಅಲ್ಲ. ಇರ್ಲಿ. ಕರ್ಕೊಂಡು ಬಾ ಆಕೀನ."

ಕಟ್ಟೆಯ ಮೇಲೆ ಕುಳಿತಿದ್ದ ನೆರೆಮನೆಯ ದಶರಥನಿಗೆ ಇದು ಸರಿಬರಲಿಲ್ಲ. ಅವನೂ ತೊಗರಿ ಬೆಳೆಯುವವನೇ. "ಅತ್ತಿ, ಆ ದೇಶದ ತೊಗರಿ ಹಡಗಿನ್ಯಾಗ ಬಂದು ನಮ್ಮ ತೊಗರಿ ದರ ಮುರೀತದ. ಇನ್ನ ಬ್ಯಾಳಿ ಮಾಡೂದೂ ಕಲಿಸ್ರಿ, ಚಲೋ ಆಗ್ತದ. ನಾಳೆ ನಾವು ಅವರ ಮನಿಗೆ ಕೂಲಿಗೆ ಹೋಗೂಣು."

"ಹೋಗೋ ದಶ್ರಥ. ಒಬ್ಬಾಕಿಗೆ ಅಡಗಿ ಕಲಿಸಿದ್ರ ನಮ್ಮ ಮನಿ ಉಪ್ಪು ಸಪ್ಪಗ ಆಗ್ತದೇನು?" ಎಂದಳು ನಿಂಬೆವ್ವ. "ನಮ್ಮವ್ವ ನನಗ ಕಲಿಸಿದ್ಲು, ನಾ ಗೌಸಿಯಾಗ ಕಲಿಸ್ದೆ. ಯಾರದೇನು ಕಡಿಮಿ ಆಗೇದ?"

ಗೌಸಿಯಾಬೇಗಂ ಎಂದರೆ ನಮ್ಮ ಹಿಂದಿನ ಓಣಿಯ ಹೆಣ್ಣುಮಗಳು. ಬೇಳೆ ಒಡೆಯುವ ಕಲ್ಲಿಗೆ ಇಬ್ಬರು ಬೇಕು. ಎದುರುಬದುರು ಕುಳಿತು ಒಂದೇ ಗೂಟ ಹಿಡಿದು ತಿರುಗಿಸಬೇಕು. ನಿಂಬೆವ್ವನ ಎದುರಿಗೆ ಅಷ್ಟೂ ವರ್ಷ ಕುಳಿತವಳು ಅವಳು.

ವೈಶಾಖದಲ್ಲಿ ಒಂದು ಮಧ್ಯಾಹ್ನ ನಿಂಬೆವ್ವ ಆ ವರ್ಷದ ತೊಗರಿಯನ್ನು ಗುಡ್ಡೆ ಹಾಕಿ, ಮಣ್ಣು ಸವರಿ, ಕೈತೊಳೆದು ಬಂದು, "ಎದಿ ಹಿಡದಂಗ ಆಗ್ಯಾದ್ರಿ," ಎಂದಳು. ಆಸ್ಪತ್ರೆಗೆಂದು ಹೊರಟ ಜೀಪು ಜೇವರ್ಗಿ ಮುಟ್ಟುವ ಮೊದಲೇ ನನ್ನ ತೊಡೆಯ ಮೇಲೆ ಲಿಂಗೈಕ್ಯಳಾದಳು.

ನಾವು ಬಸವಣ್ಣನವರ ಮಾತಿನಲ್ಲಿ ನಡೆಯುವವರು. ನಮ್ಮಲ್ಲಿ ಸಾವಿಗೆ ಸೂತಕವಿಲ್ಲ. ಅಂದೋಲಾದ ಮಠದ ಕಡೆಯಿಂದ ಜಂಗಮರು ಬಂದರು. ಆಕೆಯನ್ನು ಕುಳ್ಳಿರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಹೊಲದಲ್ಲಿ ಸಮಾಧಿ ಮಾಡಿದೆವು. ಅದೇ ದಿನ ನಾನು ಸ್ನಾನ ಮಾಡಿ ಲಿಂಗಪೂಜೆಗೆ ಕುಳಿತೆ. ಪ್ರಸಾದ ತೆಗೆದುಕೊಂಡೆ. ಕಂಡವರು, "ಗುರಣ್ಣನ ನಿಷ್ಠೆ ದೊಡ್ಡದು" ಎಂದರು.

ಮರುದಿನ ಕಲ್ಲಿನ ಕೋಣೆಗೆ ಹೋದೆ. ಗುಡ್ಡೆಯ ಮೇಲಿನ ಮಣ್ಣು ಒಣಗಿತ್ತು. ಮೂರು ಬೆರಳಿನ ಗೀರು ಗಟ್ಟಿಯಾಗಿ ಉಳಿದಿತ್ತು. ನಾನು ಬಾಗಿಲು ಹಾಕಿ ಬೀಗ ಜಡಿದು ಬೀಗದಕೈಯನ್ನು ಉಡುದಾರಕ್ಕೆ ಕಟ್ಟಿಕೊಂಡೆ. ಮಗ ಏನೂ ಕೇಳಲಿಲ್ಲ. ಸೊಸೆಯೂ ಕೇಳಲಿಲ್ಲ. ದಿನಕ್ಕೊಮ್ಮೆ, ಎಲ್ಲರೂ ಹೊಲಕ್ಕೆ ಹೋದಾಗ, ಬಾಗಿಲು ತೆಗೆದು ಆ ಗೀರುಗಳನ್ನು ನೋಡಿ ಬರುತ್ತಿದ್ದೆ.

ಶ್ರಾವಣದಲ್ಲಿ ವಿದ್ಯಾವತಿ ಆ ಹೆಣ್ಣುಮಗಳನ್ನು ಕರೆತಂದಳು. ಹೆಸರು ಚಿಸೋಮೊ. ನಡುವಯಸ್ಸು, ಎತ್ತರದ ಆಳು, ಒನಕೆ ಹಿಡಿದು ಗಟ್ಟಿಯಾದ ತೋಳು. ಸೊಂಟಕ್ಕೆ ಹೂವಿನ ಚಿತ್ರದ ಬಟ್ಟೆ ಸುತ್ತಿಕೊಂಡಿದ್ದಳು. ತನ್ನ ಊರಿನ ಹೆಂಗಸರ ಸಂಘಕ್ಕೆ ಅವಳೇ ಮುಖ್ಯಸ್ಥೆ. ಅವರೆಲ್ಲ ಸೇರಿ ಅವಳನ್ನು ಆರಿಸಿ ಕಳಿಸಿದ್ದರು. ಬರುವ ದಾರಿಯಲ್ಲಿ ವಿದ್ಯಾವತಿ ಕಲಿಸಿದ್ದನ್ನು ನನ್ನ ಮುಂದೆ ಒಪ್ಪಿಸಿದಳು: "ಶರಣ್ರಿ!"

"ಶರಣು ಶರಣಾರ್ಥಿ," ಎಂದೆ.

ಅವರ ಭಾಷೆಯಲ್ಲಿ ತೊಗರಿಗೆ ನಂದೋಲೊ ಎನ್ನುತ್ತಾರಂತೆ. ಅದನ್ನು ಕೇಳಿ ದಶರಥ ಕಟ್ಟೆಯ ಮೇಲಿಂದಲೇ, "ನಮ್ಮದು ಅಂದೋಲಾ, ನಿಮ್ಮದು ನಂದೋಲೊ. ನಡೀರಿ, ಬೀಗತನ ಮಾಡೂಣು," ಎಂದು ಕುಹಕವಾಡಿದ. ವಿದ್ಯಾವತಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಚಿಸೋಮೊ ಕುಹಕವೆಂದು ತಿಳಿಯದೆ ಮನಸಾರೆ ನಕ್ಕಳು. ದಶರಥ ಬೇರೆ ಕಡೆ ನೋಡಿದ.

ನೀರು ಕುಡಿದ ಮೇಲೆ ಚಿಸೋಮೊ ಕೇಳಿದ ಮೊದಲ ಮಾತು ಕಲ್ಲಿನದು. ವಿದ್ಯಾವತಿ ನನ್ನ ಮುಖ ನೋಡಿದಳು. "ಕಾಕಾರ, ಅಮ್ಮಾರಿಲ್ಲ ಅಂತ ಆಕಿಗೆ ಹೇಳೀನಿ. ಗೌಸಿಯಾ ಬಾಯಿ ಕಲಿಸ್ತಾರ. ಕಲ್ಲೊಂದು ತೋರಿಸ್ರಿ."

"ಕಲ್ಲು ಸೀಳೇದವ್ವ," ಎಂದೆ. "ಕೆಲಸಕ್ಕ ಬರಂಗಿಲ್ಲ."

ಹಿತ್ತಲ ಬಾಗಿಲಲ್ಲಿ ನಿಂತಿದ್ದ ಗೌಸಿಯಾಬೇಗಂ ತಟ್ಟನೆ ತಲೆಯೆತ್ತಿ ನೋಡಿದಳು.

ವಿದ್ಯಾವತಿಯ ಮುಖ ಸಪ್ಪಗಾಯಿತು. ಚಿಸೋಮೊ ಇರುವುದು ಕೆಲವೇ ದಿನ. ಮೋಡ ಕವಿದು ಬಿಸಿಲೇ ಇರಲಿಲ್ಲ. ಹೊಸದಾಗಿ ತೊಗರಿ ಕಲಸಿದರೂ ಒಣಗುವಂತಿಲ್ಲ. ಮಣ್ಣು ಹಚ್ಚಿ ಒಣಗಿಸಿದ ತೊಗರಿ ಇದ್ದದ್ದು ಒಂದೇ ಕಡೆ, ನನ್ನ ಬೀಗದ ಹಿಂದೆ. ಅದು ವಿದ್ಯಾವತಿಗೆ ಗೊತ್ತಿರಲಿಲ್ಲ. ಗೌಸಿಯಾಳಿಗೆ ಗೊತ್ತಿತ್ತು. ಗುಡ್ಡೆಗೆ ಮಣ್ಣು ಕಲಸಿ ಕೊಟ್ಟವಳೇ ಅವಳು.

ಚಿಸೋಮೊ ಸುಮ್ಮನೆ ಕೂಡಲಿಲ್ಲ. ವಿದ್ಯಾವತಿಯನ್ನು ಕರೆದುಕೊಂಡು ಊರೆಲ್ಲ ತಿರುಗಿದಳು. ಈಗ ಊರಿನಲ್ಲಿ ಬೀಸುಕಲ್ಲು ಯಾರ ಅಡುಗೆಮನೆಯಲ್ಲೂ ಇಲ್ಲ. ಒಂದು ಬಚ್ಚಲಿಗೆ ಮೆಟ್ಟಿಲಾಗಿದೆ, ಒಂದರ ಮೇಲೆ ಎಮ್ಮೆಯ ಬಾನಿ ಕುಳಿತಿದೆ. ಕೊನೆಗೆ ದಶರಥನ ಹಿತ್ತಲಿನಲ್ಲಿ ಮಣ್ಣಿನಲ್ಲಿ ಹೂತಿದ್ದ ಒಂದು ಜೊತೆ ಕಲ್ಲು ಸಿಕ್ಕಿತು. ಕೇಳಿದಾಗ ಅವನು, "ತಗೊಂಡು ಹೋಗ್ರಿ, ನಮ್ಮ ತೊಗರಿ ಹೋತು, ಕಲ್ಲೂ ಹೋಗ್ಲಿ," ಎಂದನಂತೆ. ಚಿಸೋಮೊ ಮೇಲಿನ ಕಲ್ಲನ್ನು ಬಟ್ಟೆಯ ಸಿಂಬಿಯ ಮೇಲೆ ತಲೆಯಲ್ಲಿ ಹೊತ್ತುಕೊಂಡು ನಮ್ಮ ಅಂಗಳಕ್ಕೆ ಬಂದಳು. ಮಳೆಹನಿ ಬೀಳುತ್ತಿತ್ತು. ಕೆಳಗಿನ ಕಲ್ಲನ್ನು ಅವಳೂ ದಶರಥನೂ ಸೇರಿ ಉರುಳಿಸಿಕೊಂಡು ಬಂದರು. ಅವನು ಬೈಯುತ್ತಲೇ ಬಂದ, ಆದರೆ ಬಂದ.

ಆ ಕಲ್ಲು ಹಿಟ್ಟಿನದು. ಮುಖ ಒಂದು ಕಡೆ ಸವೆದಿತ್ತು. ಗೌಸಿಯಾ ತನ್ನ ಮನೆಯ ಒಂದಿಷ್ಟು ಮಣ್ಣು ಹಚ್ಚದ ತೊಗರಿ ತಂದು ಹಾಕಿ ಚಿಸೋಮೊಳ ಎದುರು ಕುಳಿತು ತಿರುಗಿಸಿದಳು. ಅರ್ಧ ನುಚ್ಚಾಯಿತು, ಅರ್ಧ ಹಾಗೇ ಉಳಿಯಿತು. ಮರುದಿನವೂ ಹಾಗೇ ಆಯಿತು. ಚಿಸೋಮೊ ನುಚ್ಚನ್ನು ಅಂಗೈಯಲ್ಲಿ ಹಿಡಿದು ನೋಡಿ ಏನೋ ಅಂದಳು.

"ಏನಂತಾಳ?" ಎಂದು ಗೌಸಿಯಾ ಕೇಳಿದಳು.

ವಿದ್ಯಾವತಿ ತಡೆದು ಹೇಳಿದಳು: "ಊರಾಗ ಹೆಂಗಸ್ರು ಎಲ್ಲಾರೂ ಕಾಯಾಕತ್ತಾರಂತ್ರಿ. ಬರಿಗೈಲೆ ಹೋದ್ರ ಇನ್ನೊಮ್ಮಿ ಯಾರನ್ನೂ ಕಳಸಂಗಿಲ್ಲ, ಈ ಕೆಲಸಾನೇ ಬಿಡ್ತಾರ, ಅಂತಾಳ."

ನಾನು ಪಡಸಾಲೆಯಲ್ಲಿ ಕುಳಿತು ಕೇಳುತ್ತಿದ್ದೆ. ಅವಳ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ನನ್ನ ಸೊಸೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು.

ಮರುದಿನ ಬೆಳಿಗ್ಗೆ ಪೂಜೆಗೆ ಕುಳಿತೆ. ಲಿಂಗವನ್ನು ಎಡಗೈಯಲ್ಲಿಟ್ಟು ನೋಟ ನಿಲ್ಲಿಸಿದೆ. ನೋಟ ನಿಲ್ಲಲಿಲ್ಲ. ಸೊಂಟದಲ್ಲಿ ಬೀಗದಕೈ ಒತ್ತುತ್ತಿತ್ತು. ಎಷ್ಟೋ ವರ್ಷ ಆ ಗಳಿಗೆಯಲ್ಲಿ ನನ್ನ ಬೆನ್ನ ಹಿಂದೆ ಕಲ್ಲು ತಿರುಗುವ ಸದ್ದಿರುತ್ತಿತ್ತು. ಆ ಸದ್ದಿನಿಂದ ನನ್ನ ಪೂಜೆಗೆ ಎಂದೂ ತೊಂದರೆಯಾಗಿರಲಿಲ್ಲ. ಈಗಿನ ಮೌನದಲ್ಲಿ ಮನಸ್ಸು ಎಲ್ಲೆಲ್ಲೋ ಹರಿಯಿತು. ಶಿವನೇ, ಆಕೆಯದು ಅಂತ ಇಷ್ಟೇ ಉಳಿದಿದೆ, ಇದನ್ನೊಂದು ನನಗೆ ಬಿಡು, ಎಂದು ಬೇಡಿಕೊಂಡೆ. ಬೇಡಿಕೊಂಡ ಮೇಲೆ ನಾಚಿಕೆಯಾಯಿತು. ಆದರೂ ಬೀಗದಕೈ ಬಿಚ್ಚಲಿಲ್ಲ.

ಪೂಜೆ ಮುಗಿಸಿ ಹಿತ್ತಲಿಗೆ ಹೋದಾಗ ಗೌಸಿಯಾ ಎಮ್ಮೆಯ ಹತ್ತಿರ ನನಗಾಗಿಯೇ ಕಾದಿದ್ದಳು.

"ಅಣ್ಣಾರ, ಒಂದು ಮಾತು. ಸಿಟ್ಟಾಗಬ್ಯಾಡ್ರಿ."

"ಹೇಳು."

"ಕಲ್ಲು ಯಾವಾಗ ಸೀಳೇತ್ರಿ?"

ನಾನು ಬಾಗಿ ಎಮ್ಮೆಯ ಮುಂದೆ ಮೇವು ಸರಿಸಿದೆ.

"ನಮ್ಮ ಯಜಮಾನ್ರು ತೀರ್ಕೊಂಡಾಗ ಮೂರು ದಿನ ನಮ್ಮ ಮನ್ಯಾಗ ಒಲಿ ಹಚ್ಚಲಿಲ್ರಿ. ನಿಂಬೆವ್ವಕ್ಕಾನೇ ಬುತ್ತಿ ಕಳಿಸ್ತಿದ್ರು. ನಾಕನೇ ದಿನ ಅಕ್ಕಾನೇ ಬಂದು, ಏಳು ಬೇ ಗೌಸಿಯಾ, ಒಲಿ ಹಚ್ಚು, ಅಂದ್ರು. ಹಚ್ಚಿದೆ. ನೀವು ನೋಡಿದ್ರ ನಮ್ಮಲ್ಲಿ ಸೂತಕೇ ಇಲ್ಲ ಅಂತೀರಿ. ಅಕ್ಕನ್ನ ಮಣ್ಣು ಮಾಡಿದ ದಿನಾನೇ ಪೂಜಿ ಮಾಡಿ ಉಂಡ್ರಿ. ಊರೆಲ್ಲಾ ಹೊಗಳ್ತು. ಮತ್ತ ಆ ಕಲ್ಲಿಗೆ ಯಾಕ್ರಿ ಸೂತಕ ಹಾಕೀರಿ? ಈಗ ಎಷ್ಟು ತಿಂಗಳಾತು?"

"ಗೌಸಿಯಾ, ಅಲ್ಲಿ ಆಕಿ ಬೆರಳು ಅದಾವ," ಎಂದೆ.

"ಗೊತ್ತದರಿ ನನಗ. ನಾ ಬಾಜೂಕೇ ನಿಂತಿದ್ನಿ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿಮಗೊಬ್ಬರಿಗೇ ಏನು ಅಕ್ಕ ಹೋಗ್ಯಾರ? ನಾನೂ ಆ ಕಲ್ಲಿನ ಮುಂದ ಒಂದು ಸಲ ಕೂತು ಅಳಬೇಕಂದ್ರ ಬಾಗಲಾ ತಗೀಲಿಲ್ಲ ನೀವು. ಆಕಿ ಬಾ ಅಂತ ಕರದ ಹೆಣಮಗಳು ಬರಿಗೈಲೆ ಹೋದ್ರ ಅಕ್ಕನ ಮಾತು ಏನಾತ್ರಿ?"

ಗೌಸಿಯಾ ಸಗಣಿಯ ಬುಟ್ಟಿ ಎತ್ತಿಕೊಂಡು ಹೋದಳು. ನಿಂಬೆವ್ವ ಬಾ ಎಂದು ಕರೆದ ಅತಿಥಿ. ಆ ಅತಿಥಿಗೆ ನಾನು ಸುಳ್ಳು ಹೇಳಿದ್ದೆ. ಮಳೆಯಲ್ಲಿ ಕಲ್ಲು ಹೊರಿಸಿದ್ದೆ. ಸಾವಿಗಿಲ್ಲದ ಸೂತಕವನ್ನು ಕಲ್ಲಿಗೆ ಹಾಕಿ ಅದನ್ನೇ ನಿಷ್ಠೆಯೆಂದು ತಿಳಿದಿದ್ದೆ.

ಒಳಗೆ ಬಂದು ಉಡುದಾರದಿಂದ ಬೀಗದಕೈ ಬಿಚ್ಚಿದೆ. "ವಿದ್ಯಾವತಿ, ಆಕೀನ ಕರಿಯವ್ವ. ಕಲ್ಲು ಸೀಳಿಲ್ಲ. ನಾ ಸುಳ್ಳು ಹೇಳಿದ್ದೆ. ಇದನ್ನೂ ಆಕಿಗೆ ಹೇಳು."

ವಿದ್ಯಾವತಿ ಹೇಳಿದಳೋ ಇಲ್ಲವೋ ತಿಳಿಯದು. ಚಿಸೋಮೊ ನನ್ನನ್ನು ಒಮ್ಮೆ ನೋಡಿ ತಲೆಬಾಗಿ ಒಳಗೆ ಬಂದಳು. ಕೋಣೆಯ ತುಂಬ ಕೆಮ್ಮಣ್ಣಿನ ವಾಸನೆ. ಮೂಲೆಯಲ್ಲಿ ಗುಡ್ಡೆ. ನಡುವೆ ಕಲ್ಲು. ಗೌಸಿಯಾ ಬಾಗಿಲಲ್ಲೇ ಕುಳಿತು ಸೆರಗನ್ನು ಬಾಯಿಗೆ ಹಿಡಿದುಕೊಂಡಳು. ಅವಳು ಅತ್ತು ಹಗುರಾದಳು.

ಚಿಸೋಮೊ ಗುಡ್ಡೆಯ ಹತ್ತಿರ ಕುಳಿತು ಮೂರು ಗೀರುಗಳನ್ನು ತೋರಿಸಿ ಏನೋ ಕೇಳಿದಳು.

"ಇದು ಯಾಕ ಹಾಕಬೇಕು, ಹಾಕದಿದ್ರ ಬ್ಯಾಳಿ ಕೆಡ್ತದೇನು, ಅಂತ ಕೇಳಾಕತ್ತಾಳ್ರಿ," ಎಂದಳು ವಿದ್ಯಾವತಿ.

ಗೌಸಿಯಾ ಮೂಗು ಒರೆಸಿಕೊಂಡು ಹೇಳಿದಳು: "ಕೆಡಂಗಿಲ್ಲಂತ ಹೇಳವ್ವ. ಅಕ್ಕ ಮೂರು ಬೆರಳು ಎಳೀತಿದ್ರು. ನಾ ಬಿಸ್ಮಿಲ್ಲಾ ಅಂತಿದ್ನಿ. ತೊಗರಿ ಇಬ್ಬರ ಮಾತೂ ಕೇಳ್ತಿತ್ತು."

ಅಷ್ಟು ದುಃಖದಲ್ಲೂ ನಮಗೆ ನಗು ಬಂತು.

ಗುಡ್ಡೆ ಒಡೆಯುವ ಕೆಲಸ ನನ್ನದೇ ಆಗಿತ್ತು. ನಾನು ಕುಳಿತು ನನ್ನ ಮೂರು ಬೆರಳುಗಳನ್ನು ಆ ಗೀರುಗಳಲ್ಲಿಟ್ಟೆ. ಆಕೆಯ ಬೆರಳು ಸಣ್ಣವು, ನನ್ನವು ಕೂಡಲಿಲ್ಲ. ಮಣ್ಣು ತಣ್ಣಗಿತ್ತು. ಶರಣು ಎಂದು ಅಂಗೈಯಿಂದ ಒತ್ತಿದೆ. ಒಣಗಿದ ಮಣ್ಣು ಹಪ್ಪಳದಂತೆ ಮುರಿದು ಕೈ ಒಳಗೆ ಹೋಯಿತು. ಒಳಗೆ ಕಾಳು ಬೆಚ್ಚಗಿದ್ದವು. ವೈಶಾಖದ ಬಿಸಿಲು ಇನ್ನೂ ಅಲ್ಲೇ ಇದ್ದಂತಿತ್ತು. ಒಂದಕ್ಕೂ ಹುಳ ಹತ್ತಿರಲಿಲ್ಲ.

ಆಮೇಲೆ ನನಗೆ ಅಲ್ಲಿ ಕೆಲಸವಿರಲಿಲ್ಲ. ಹೆಂಗಸರು ಜರಡಿ ಹಿಡಿದು ಮಣ್ಣು ತೆಗೆದರು. ಗೌಸಿಯಾ ಮೇಲಿನ ಕಲ್ಲನ್ನೆತ್ತಿ, ನಡುವಿನ ಗೂಟದಲ್ಲಿ ಸಿಕ್ಕಿಸಿದ್ದ ನಿಂಬೆವ್ವನ ಹಳೆಯ ಇಳಕಲ್ ಸೀರೆಯ ಚಿಂದಿಯ ಉಂಗುರವನ್ನು ಚಿಸೋಮೊಗೆ ತೋರಿಸಿದಳು. ಆ ಚಿಂದಿಯ ದಪ್ಪದಷ್ಟು ಎರಡು ಕಲ್ಲಿನ ನಡುವೆ ಸಂದು ಉಳಿಯುತ್ತದೆ. ಸಂದು ಇದ್ದರೆ ಕಾಳು ಹೋಳಾಗುತ್ತದೆ, ಇಲ್ಲದಿದ್ದರೆ ಹಿಟ್ಟಾಗುತ್ತದೆ. ಆಮೇಲೆ ಗೌಸಿಯಾ ತನ್ನ ಜಾಗದಲ್ಲಿ ಕುಳಿತಳು. ಎದುರಿನ ಜಾಗವನ್ನು ಸೆರಗಿನಿಂದ ಝಾಡಿಸಿ, "ಬಾ, ಕೂಡು ಬಾ," ಎಂದು ಚಿಸೋಮೊಳನ್ನು ಕರೆದಳು.

ಚಿಸೋಮೊ ಒನಕೆಯ ರಭಸದಿಂದ ತಿರುಗಿಸಿದಳು. ಬೇಳೆ ಮುರಿಯಿತು.

"ಹೇ ಬಾಯಿ, ಸಾವಕಾಶ! ಕಲ್ಲಿನ ಕೂಡ ಕುಸ್ತಿ ಹಿಡದೀ ಏನು?" ಎಂದು ಗೌಸಿಯಾ ಗದರಿದಳು. "ನೀ ಎಳದಾಗ ನಾ ಬಿಡಬೇಕು, ನಾ ಎಳದಾಗ ನೀ ಬಿಡಬೇಕು."

ಈ ಮಾತನ್ನು ಯಾರೂ ಇಂಗ್ಲಿಷಿಗೆ ತಿರುಗಿಸಲಿಲ್ಲ. ಕೈ ಕೈಗೆ ತಿಳಿಸಿತು. ಸ್ವಲ್ಪ ಹೊತ್ತಿಗೆ ಕಲ್ಲಿನ ಸುತ್ತ ಹಳದಿ ಬೇಳೆ ಬೀಳತೊಡಗಿತು. ನಾನು ಪಡಸಾಲೆಯಲ್ಲಿ ಗೋಡೆಗೊರಗಿ ಕಣ್ಣು ಮುಚ್ಚಿದೆ. ಅದೇ ಸದ್ದು. ಲಯ ಮಾತ್ರ ಬೇರೆ, ಸ್ವಲ್ಪ ಭಾರ. ಚಿಸೋಮೊ ತನ್ನ ಭಾಷೆಯಲ್ಲಿ ಮೆಲ್ಲಗೆ ಹಾಡುತ್ತಿದ್ದಳು. ಅವಳ ಊರಿನ ಚರ್ಚಿನ ಹಾಡಂತೆ. ಗೌಸಿಯಾ ಅರ್ಥವಾಗದೆಯೂ ಹೂಂಗುಟ್ಟುತ್ತಿದ್ದಳು.

ಅಂದಿನ ಮೊದಲ ಬೇಳೆ ಮನೆಯ ಒಲೆಗೆ ಹೋಯಿತು. ಸೊಸೆ ಸಾರು ಮಾಡಿದಳು, ಜೋಳದ ರೊಟ್ಟಿ ಬಡಿದಳು. ನಿಂಬೆವ್ವ ಕೈಯಾರೆ ಮಣ್ಣು ಹಚ್ಚಿದ ತೊಗರಿ ಆ ಗುಡ್ಡೆಯೇ ಕೊನೆಯದು. ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಉಂಡೆ. ದಶರಥನನ್ನೂ ಕರೆದಿದ್ದೆವು. ಎರಡನೆಯ ಸಲ ಸಾರು ಹಾಕಿಸಿಕೊಂಡು ಅವನು, "ಅತ್ತಿ ಬ್ಯಾಳಿ ಅಂದ್ರ ಅತ್ತಿ ಬ್ಯಾಳಿನೇ," ಎಂದ. ಆಮೇಲೆ ಚಿಸೋಮೊ ಕಡೆ ನೋಡಿ, "ಈಕಿ ಅಲ್ಲೆ ಒಡದು ಅಲ್ಲೆ ಉಂಡ್ರ, ಇಡಿ ಕಾಳು ಹಡಗು ತುಂಬಿ ಬರೂದಾದ್ರೂ ಒಂದೀಟು ಕಡಿಮಿ ಆದೀತೇನಪಾ," ಎಂದು ತನಗೆ ತಾನೇ ಲೆಕ್ಕ ಹಾಕಿದ. ಚಿಸೋಮೊ ರೊಟ್ಟಿಗಿಂತ ಬೇಳೆಯನ್ನೇ ಹೆಚ್ಚು ಉಂಡಳು. ಅವರಲ್ಲಿ ಸಿಪ್ಪೆಯ ಸಮೇತ ಬೇಯಿಸುತ್ತಾರಂತೆ. ಬೇಯಲು ಕಟ್ಟಿಗೆ ಬಹಳ ಬೇಕಂತೆ.

ಹೊರಡುವ ಮುಂಜಾನೆ ಚಿಸೋಮೊ ಒಬ್ಬಳೇ ಮೊದಲಿನಿಂದ ಮಾಡಿ ತೋರಿಸುತ್ತೇನೆಂದಳು. ಹಿಂದಿನ ದಿನವೇ ನೆನೆಹಾಕಿದ್ದ ಒಂದು ಬುಟ್ಟಿ ತೊಗರಿಯನ್ನು ಬಸಿದು, ಕೆಮ್ಮಣ್ಣಿನಲ್ಲಿ ಕಲಸಿ, ಹರವಲು ಬಿಸಿಲಿಲ್ಲದ್ದರಿಂದ ಹಸಿಯಾಗಿಯೇ ಅದೇ ಮೂಲೆಯಲ್ಲಿ ಒಟ್ಟಿದಳು. ಕೆಮ್ಮಣ್ಣು ಅವಳ ಊರಿನಲ್ಲಿ ಕಾಲಿಟ್ಟಲ್ಲೆಲ್ಲ ಇದೆಯಂತೆ. ಎಲ್ಲ ಸವರಿ ಮುಗಿಸಿ ಕ್ಷಣ ನಿಂತು ಮೂರು ಬೆರಳಿನಿಂದ ಅಡ್ಡ ಗೀರಿದಳು. ಗೀರು ಸ್ವಲ್ಪ ಸೊಟ್ಟಾಯಿತು.

ವಿದ್ಯಾವತಿ ನನ್ನ ಹತ್ತಿರ ಬಂದು ಮೆಲ್ಲಗೆ, "ಇದು ಬೇಕಾಗಿಲ್ಲಂತ ಅವತ್ತೇ ಹೇಳೀನ್ರಿ ಕಾಕಾರ. ಆದ್ರೂ ಹಾಕ್ಯಾಳ. ಮತ್ತ ಹೇಳ್ಲೇನ್ರಿ?" ಎಂದಳು.

"ಆಕಿಗೆ ಗೊತ್ತದವ್ವ," ಎಂದೆ.

ಚಿಸೋಮೊ ಹೋಗುವಾಗ ನನ್ನ ಕಾಲು ಮುಟ್ಟಲಿಲ್ಲ, ಕೈ ಮುಗಿಯಲೂ ಇಲ್ಲ. ತನ್ನ ರೂಢಿಯಂತೆ ಮೊಣಕಾಲು ಬಗ್ಗಿಸಿ, ಎರಡೂ ಅಂಗೈ ಮೆಲ್ಲಗೆ ಚಪ್ಪಾಳೆಯಂತೆ ಕೂಡಿಸಿದಳು. ಗೌಸಿಯಾ ಆ ಚಿಂದಿಯ ಉಂಗುರವನ್ನು ಅವಳ ಕೈಯಲ್ಲಿಟ್ಟು ಮುಷ್ಟಿ ಮುಚ್ಚಿದಳು. ನನ್ನನ್ನು ಕೇಳಲಿಲ್ಲ. ಕೇಳಬೇಕೆಂದು ನನಗೂ ಅನಿಸಲಿಲ್ಲ.

ಅವಳು ಹೋದ ಮರುದಿನ ಮೋಡ ಹರಿದು ಬಿಸಿಲು ಬಿತ್ತು. ಪೂಜೆ ಮುಗಿಸಿ ಬರುವಷ್ಟರಲ್ಲಿ ಗೌಸಿಯಾ ಅಂಗಳದಲ್ಲಿ ಚಾಪೆ ಹಾಸಿದ್ದಳು. "ಅಣ್ಣಾರ, ಬಿಸಲು ಹೋಗ್ತದ. ಚಿಸೋಮೊ ತೊಗರಿ ಹರವೂಣು ಬರ್ರಿ," ಎಂದಳು.

ಕೋಣೆಯ ಬಾಗಿಲು ತೆರೆದೇ ಇತ್ತು. ಮಣ್ಣು ಇನ್ನೂ ಹಸಿಯಾಗಿತ್ತು. ಸೊಟ್ಟ ಗೀರುಗಳ ಮುಂದೆ ನಾನು ಸ್ವಲ್ಪ ಹೊತ್ತು ಕುಳಿತೆ. ಆಮೇಲೆ ಎರಡೂ ಕೈಯಿಂದ ಬಾಚಿ ಬುಟ್ಟಿಗೆ ತುಂಬಿದೆ.